ಹಳೆ ಕಪಾಟಿನ ಪಾದರಸ: ಗ್ಲೌಸ್ ಹಾಕಿಕೊಂಡರೆ ಸಾಕಾ?

ಪ್ರಶ್ನೆ: ನಾನು ಒಂದು ರಸಾಯನಶಾಸ್ತ್ರ ಲ್ಯಾಬಿನಲ್ಲಿ ತಾಂತ್ರಿಕ ಸಹಾಯಕಿ. ವರ್ಷಗಟ್ಟಲೆ ಯಾರೂ ಮುಟ್ಟದ ಕಪಾಟೊಂದನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಪಾದರಸದ ಮೂರು ಸಂಯುಕ್ತಗಳು ಸಿಕ್ಕಿವೆ. ಫೀನೈಲ್ ಮರ್ಕ್ಯುರಿಕ್ ಅಸಿಟೇಟ್ ಪುಡಿಯ ಒಂದು ಬಾಟಲಿ, ಥಿಯೋಮರ್ಸಾಲ್‌ನ ಒಂದು ಚಿಕ್ಕ ಬಾಟಲಿ, ಮತ್ತೆ ಡೈಮೀಥೈಲ್ ಮರ್ಕ್ಯುರಿ ಎಂದು ಬರೆದಿರುವ, ಬಾಯಿ ಬೆಸೆದ ಗಾಜಿನ ಆಂಪೂಲ್. ಮೊದಲ ಬಾಟಲಿಯ ಮುಚ್ಚಳ ಬಿರುಕು ಬಿಟ್ಟು ಸುತ್ತ ಪುಡಿ ಚೆಲ್ಲಿತ್ತು. ಹೋದ ವಾರ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಅದನ್ನು ಒರೆಸಿದೆ. ಆಮೇಲೆ ಭಯವಾಗಿ ಮೂತ್ರ ಪರೀಕ್ಷೆ ಮಾಡಿಸಿದೆ. ಪಾದರಸ ಮಾಮೂಲಿ ಮಟ್ಟದಲ್ಲಿದೆ ಎಂದು ಬಂತು. ಹಿರಿಯ ಸಹೋದ್ಯೋಗಿಯೊಬ್ಬರು "ಇಷ್ಟು ವರ್ಷ ಇಲ್ಲೇ ಇತ್ತು, ಯಾರಿಗೆ ಏನಾಯ್ತು?" ಎನ್ನುತ್ತಾರೆ. ನಾವು ಮಗುವಿನ ಯೋಚನೆಯಲ್ಲಿದ್ದೇವೆ. ಉಳಿದದ್ದನ್ನು ನಾನೇ ತೆಗೆಯಬಹುದಾ?

ಉತ್ತರ: ಬೇಡ. ಆ ಕಪಾಟಿಗೆ ಬೀಗ ಹಾಕಿ, ಮೇಲೊಂದು ಎಚ್ಚರಿಕೆ ಚೀಟಿ ಅಂಟಿಸಿ, ಆಂಪೂಲನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಮಿಕ್ಕಿದ್ದನ್ನು ಆಮೇಲೆ ಯೋಚಿಸಬಹುದು.

ನೀವು ಒರೆಸಿದ ಪುಡಿಯಿಂದ ದೊಡ್ಡ ಅಪಾಯ ಆಗಿರುವ ಸಾಧ್ಯತೆ ಕಡಿಮೆ. ನಿಮ್ಮ ಮೂತ್ರ ಪರೀಕ್ಷೆಯೂ ಆ ಪುಡಿಯ ಮಟ್ಟಿಗೆ ಸರಿಯಾದ ಪರೀಕ್ಷೆಯೇ. ಆದರೆ ಅದೇ ಪರೀಕ್ಷೆ, ಅದೇ ಗ್ಲೌಸ್, "ನನಗೇನೂ ಆಗಿಲ್ವಲ್ಲ" ಎಂಬ ಅದೇ ಸಮಾಧಾನ, ಪಕ್ಕದಲ್ಲಿರುವ ಆಂಪೂಲಿನ ವಿಷಯದಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ಮೂರನ್ನೂ "ಸಾವಯವ ಪಾದರಸ" ಎಂಬ ಒಂದೇ ಹೆಸರಿನಡಿ ಸೇರಿಸುತ್ತಾರೆ. ಮೈಯೊಳಗೆ ಹೋದ ಮೇಲೆ ಮೂರರ ದಾರಿಯೂ ಬೇರೆ ಬೇರೆ.

ಎಲ್ಲರಿಗೂ ಗೊತ್ತಿರುವುದು ಥರ್ಮಾಮೀಟರಿನ ಬೆಳ್ಳಿ ಬಣ್ಣದ ಪಾದರಸ. ಅದರ ಆವಿ ಅಪಾಯಕಾರಿ ನಿಜ, ಆದರೆ ದ್ರವ ಚರ್ಮದ ಮೂಲಕ ಒಳಗೆ ಹೋಗುವುದು ತುಂಬಾ ಕಡಿಮೆ. ಪಾದರಸದ ಪರಮಾಣು ಇಂಗಾಲಕ್ಕೆ ಅಂಟಿಕೊಂಡಾಗ ಕಥೆ ಬದಲಾಗುತ್ತದೆ. ಆ ಇಂಗಾಲದ ತುಂಡು ಯಾವುದು, ಅಂಟು ಎಷ್ಟು ಗಟ್ಟಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಫೀನೈಲ್ ಪಾದರಸದಲ್ಲಿ ಅಂಟು ಸಡಿಲ. ಮೈಯೊಳಗೆ ಹೋದ ಕೆಲವೇ ದಿನಗಳಲ್ಲಿ ಅದು ಮುರಿದು ಇಂಗಾಲದ ಅಂಟಿಲ್ಲದ ಮಾಮೂಲಿ ನಿರವಯವ ಪಾದರಸವಾಗುತ್ತದೆ. ಆಮೇಲೆ ಅದು ಹೋಗಿ ಸೇರುವುದು ಹೆಚ್ಚಾಗಿ ಮೂತ್ರಪಿಂಡಕ್ಕೆ, ಹೊರಗೆ ಬರುವುದು ಮೂತ್ರದಲ್ಲಿ. ಹಾಗಾಗಿ ಮೂತ್ರ ಪರೀಕ್ಷೆ ಇದನ್ನು ಹಿಡಿಯುತ್ತದೆ. ಮುಂಚೆ ಬಣ್ಣಗಳಲ್ಲಿ ಬೂಷ್ಟು ಬರದಂತೆ, ಕಾಗದದ ಕಾರ್ಖಾನೆಗಳಲ್ಲಿ ಲೋಳೆ ಕಟ್ಟದಂತೆ ಇದನ್ನು ಧಾರಾಳವಾಗಿ ಬಳಸುತ್ತಿದ್ದರು.

ಹಾಗಂತ ಇದನ್ನು ಸಾಧು ಎಂದುಕೊಳ್ಳಬೇಡಿ. ಚರ್ಮದ ಮೇಲೆ ಬಿದ್ದರೆ ಸುಡುತ್ತದೆ. ಬೊಬ್ಬೆ ಕೆಲವೊಮ್ಮೆ ಆಗಲೇ ಏಳದೆ ಗಂಟೆಗಳು ಕಳೆದ ಮೇಲೆ ಏಳುತ್ತದೆ. ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. ಇದಕ್ಕೆ ಸಾಕ್ಷಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. 1980ರ ಆಸುಪಾಸಿನಲ್ಲಿ ಅಲ್ಲಿ ಮಕ್ಕಳ ಬಟ್ಟೆ ಡೈಪರ್ ಒಗೆದುಕೊಡುವ ಕಡೆ ಫೀನೈಲ್ ಪಾದರಸದ ಶಿಲೀಂಧ್ರನಾಶಕ ಬಳಸಿದ್ದರು. ಆ ಬಟ್ಟೆ ತೊಟ್ಟ ಕೂಸುಗಳ ಮೂತ್ರದಲ್ಲಿ ಪಾದರಸ ಏರಿತು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಗುರುತುಗಳೂ ಕಂಡವು. ಬಳಕೆ ನಿಲ್ಲಿಸಿದ ಮೇಲೆ ಆ ಗುರುತುಗಳು ಇಳಿದವು. ಒಳಗೆ ಹೋಗುತ್ತದೆ, ಪೆಟ್ಟು ಕೊಡುತ್ತದೆ, ಆದರೆ ಸಂಪರ್ಕ ತಪ್ಪಿದರೆ ಹೆಚ್ಚಿನ ಸಲ ಚೇತರಿಕೆಗೆ ದಾರಿ ಇರುತ್ತದೆ. ಫೀನೈಲ್ ಪಾದರಸದ ಸ್ವಭಾವ ಇದು.

ಥಿಯೋಮರ್ಸಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಈಥೈಲ್ ಪಾದರಸ ಕೊಡುವ ಸಂರಕ್ಷಕ. ಕೆಲವು ಲಸಿಕೆಗಳಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುವುದೂ ಇದೇ, ಅಷ್ಟು ಪ್ರಮಾಣದಲ್ಲಿ ಅದು ರಕ್ತದಿಂದ ಬೇಗ ಹೊರಟುಹೋಗುತ್ತದೆ. ನಿಮ್ಮ ಬಾಟಲಿಯಲ್ಲಿ ಇರುವುದು ಗ್ರಾಂ ಲೆಕ್ಕದ ಶುದ್ಧ ಪುಡಿ. ಅದನ್ನು ವಿಷವೆಂದೇ ನೋಡಬೇಕು. ಕೆಲವರಿಗೆ ಇದರಿಂದ ಚರ್ಮದ ಅಲರ್ಜಿಯೂ ಆಗುತ್ತದೆ.

ಇನ್ನು ಆಂಪೂಲು. ನಿಮ್ಮ ಕಾಗದ ಓದುವಾಗ ನನ್ನ ಎದೆ ಝಲ್ಲೆಂದದ್ದು ಆ ಸಾಲಿನಲ್ಲೇ.

ಡೈಮೀಥೈಲ್ ಮರ್ಕ್ಯುರಿ ಬಣ್ಣವಿಲ್ಲದ ದ್ರವ. ನೀರಿಗಿಂತ ಸುಮಾರು ಮೂರು ಪಟ್ಟು ಭಾರ. 93 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ, ಅಂದರೆ ಕೋಣೆಯ ತಾಪದಲ್ಲೇ ಜೋರಾಗಿ ಆವಿಯಾಗುತ್ತದೆ. ಮೀಥೈಲ್, ಈಥೈಲ್ ಥರದ ಆಲ್ಕೈಲ್ ಪಾದರಸಗಳಿಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ಹಾಕಿರುವ ಮಿತಿ, 8 ಗಂಟೆ ಕೆಲಸದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 0.01 ಮಿಲಿಗ್ರಾಂ. ಫೀನೈಲ್ ಬಗೆಗೆ ಅದು 0.1. ಮುಚ್ಚಿದ ಬಾಟಲಿಯಲ್ಲಿ ಈ ದ್ರವದ ಮೇಲೆ ನಿಂತಿರುವ ಆವಿಯನ್ನು ಲೆಕ್ಕ ಹಾಕಿದರೆ ಆ ಮಿತಿಯ ಕೋಟಿಗಟ್ಟಲೆ ಪಟ್ಟು ಆಗುತ್ತದೆ. ಸ್ವಲ್ಪ ಸಿಹಿ ವಾಸನೆ ಇದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ವಾಸನೆ ಮೂಗಿಗೆ ಬಂತು ಅಂದರೆ ಮಿತಿ ಆಗಲೇ ಎಲ್ಲೋ ಹಿಂದೆ ಉಳಿದಿರುತ್ತದೆ.

ಮೀಥೈಲ್ ಪಾದರಸದ ಅಂಟು ಗಟ್ಟಿ. ಮೈಯಲ್ಲಿ ಬೇಗ ಮುರಿಯುವುದಿಲ್ಲ. ಡೈಮೀಥೈಲ್ ಮರ್ಕ್ಯುರಿ ಮೈಯೊಳಗೆ ಮೊದಲು ಮೀಥೈಲ್ ಪಾದರಸವಾಗುತ್ತದೆ. ಆಮೇಲೆ ಗಂಧಕ ಇರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟುತ್ತದೆ. ಆ ಜೋಡಿ ನೋಡಲು ಮೆಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲದ ಹಾಗೇ ಇರುತ್ತದೆ. ಮೆದುಳಿನ ಕಾವಲು ಅದನ್ನು ಆಹಾರವೆಂದೇ ತಿಳಿದು ಒಳಗೆ ಬಿಡುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಕಡೆಗೂ ಹೀಗೇ ದಾಟುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಲ್ಲ ಎಂದು ಲೋಕಕ್ಕೆ ಗೊತ್ತಾದದ್ದು ಕ್ಯಾರೆನ್ ವೆಟ್ಟರ್‌ಹಾನ್ ಅವರಿಂದ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ. ವಿಷಕಾರಿ ಲೋಹಗಳೇ ಅವರ ಸಂಶೋಧನೆಯ ವಿಷಯ. ಹಾಗಾಗಿ "ಗೊತ್ತಿಲ್ಲದೆ ಮಾಡಿದರು" ಅನ್ನುವಂತಿಲ್ಲ. 1996ರ ಆಗಸ್ಟ್ 14ರಂದು ಫ್ಯೂಮ್ ಹುಡ್ (ಆವಿಯನ್ನು ಎಳೆದು ಹೊರಗೆ ಹಾಕುವ ಗೂಡು) ಒಳಗೆ, ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು, ಆಗಿನ ಶಿಫಾರಸಿನ ಪ್ರಕಾರವೇ ಕೆಲಸ ಮಾಡುತ್ತಿದ್ದರು. ಕೆಲವೇ ಹನಿ ಗ್ಲೌಸ್ ಮೇಲೆ ಬಿತ್ತು. ಅವರು ಗ್ಲೌಸ್ ತೆಗೆದರು, ಕೈ ತೊಳೆದರು, ಕೆಲಸ ಮುಂದುವರಿಯಿತು.

ತಿಂಗಳುಗಳ ಕಾಲ ಗಮನ ಸೆಳೆಯುವಂಥದ್ದು ಏನೂ ಇರಲಿಲ್ಲ. ಆಮೇಲೆ ಹೊಟ್ಟೆ ಕೆಡುವುದು, ತೂಕ ಇಳಿಯುವುದು ಶುರುವಾಯಿತು. 1997ರ ಜನವರಿಯಲ್ಲಿ ನಡಿಗೆ ತೂರಾಡಿತು, ಮಾತು ತೊದಲಿತು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಲೀಟರಿಗೆ 4000 ಮೈಕ್ರೋಗ್ರಾಂ ಪಾದರಸ. ಮಾಮೂಲಿ ಜನರಲ್ಲಿ ಅದು 1ರಿಂದ 8. ಫೆಬ್ರುವರಿಯಲ್ಲಿ ಪ್ರಜ್ಞೆ ಹೋಯಿತು, ಜೂನ್ 8ರಂದು ತೀರಿಕೊಂಡರು. ಕೂದಲನ್ನು ಉದ್ದಕ್ಕೂ ಪರೀಕ್ಷಿಸಿದಾಗ ಒಂದೇ ಒಂದು ಏರು ಕಂಡಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದರಲ್ಲಿ ದಿನಚರಿಯೇ ದಾಖಲಾಗಿರುತ್ತದೆ. ಪದೇ ಪದೇ ಸೋಂಕಿದ್ದಲ್ಲ, ಆ ಒಂದು ದಿನದ್ದೇ ಅಷ್ಟೂ. ಒಳಗೆ ಹೋದದ್ದು ಅರ್ಧ ಮಿಲಿಲೀಟರ್‌ಗೂ ಕಡಿಮೆ ಎಂದು ವೈದ್ಯರು ಅಂದಾಜು ಮಾಡಿದರು.

ನಂತರ ಗ್ಲೌಸುಗಳನ್ನು ಪರೀಕ್ಷೆಗೆ ಹಾಕಿದರು. ಬಿಸಾಡುವಂಥ ಲೇಟೆಕ್ಸ್ ಗ್ಲೌಸನ್ನು ಈ ದ್ರವ 15 ಸೆಕೆಂಡಿನೊಳಗೆ ದಾಟಿತ್ತು. ಗ್ಲೌಸ್ ಒದ್ದೆಯಾಗಿ ಕಾಣುವುದಿಲ್ಲ, ಕರಗುವುದಿಲ್ಲ, ಕೈ ಉರಿಯುವುದಿಲ್ಲ. ತಡೆಯುವುದು ಪ್ಲಾಸ್ಟಿಕ್ ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಗ್ಲೌಸ್. ಅದರ ಮೇಲೆ ಉದ್ದ ಕೈಯ ದಪ್ಪ ನೈಟ್ರೈಲ್ ಅಥವಾ ನಿಯೋಪ್ರೀನ್ ಗ್ಲೌಸ್ ಹಾಕಬೇಕು ಎಂಬ ಸಲಹೆ ಅಲ್ಲಿಂದ ಬಂತು. ಅದಕ್ಕಿಂತ ಒಳ್ಳೆಯ ಸಲಹೆಯೂ ಬಂತು: ಈ ವಸ್ತುವನ್ನು ಬಳಸಲೇಬೇಡಿ. ಹೆಚ್ಚಿನ ಲ್ಯಾಬುಗಳು ಇದನ್ನು ಇಟ್ಟುಕೊಂಡಿದ್ದದ್ದು ಪಾದರಸದ ಎನ್‌ಎಂಆರ್ ಅಳತೆಗೆ, ಅಂದರೆ ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಪರೀಕ್ಷಿಸುವ ವಿಧಾನಕ್ಕೆ, ಮಾನಕವಾಗಿ. ಅದಕ್ಕೆ ಕಡಿಮೆ ಅಪಾಯದ ಬದಲಿಗಳಿವೆ. ನಿಮ್ಮ ಕಪಾಟಿಗೂ ಇದು ಹಾಗೇ ಬಂದಿರಬೇಕು.

ಗ್ಲೌಸ್ ಕಥೆಯಷ್ಟೇ ಮುಖ್ಯವಾದದ್ದು ನಡುವಿನ ಆ ಐದು ತಿಂಗಳು. ಅದು ವೆಟ್ಟರ್‌ಹಾನ್ ಒಬ್ಬರ ವಿಶೇಷವಲ್ಲ. 1971ರ ಕೊನೆಯಿಂದ 1972ರವರೆಗೆ ಇರಾಕಿನಲ್ಲಿ ಮೀಥೈಲ್ ಪಾದರಸ ಲೇಪಿಸಿದ ಬಿತ್ತನೆ ಗೋಧಿಯನ್ನು ಜನ ಹಿಟ್ಟು ಮಾಡಿ ತಿಂದುಬಿಟ್ಟರು. 6530 ಜನ ಆಸ್ಪತ್ರೆ ಸೇರಿದರು, 459 ಜನ ಸತ್ತರು. ಅಲ್ಲೂ ತಿನ್ನುವ ದಿನಗಳಲ್ಲಿ ಯಾರಿಗೂ ಏನೂ ಅನಿಸಿರಲಿಲ್ಲ, ವಾರಗಟ್ಟಲೆ ಆದ ಮೇಲೆ ಕಾಯಿಲೆ ಬಿತ್ತು. ರೋಗ ಕಾಣಿಸುವ ಹೊತ್ತಿಗೆ ಮೆದುಳಿನ ಕೋಶಗಳು ಹೋಗಿಯಾಗಿರುತ್ತವೆ.

ಕೆಲಸದ ಜಾಗದಲ್ಲಿ ಇದು ಹೇಗೆ ಶುರುವಾಗುತ್ತದೆ ಎಂದು ಮೊದಲು ಚೆನ್ನಾಗಿ ಬರೆದಿಟ್ಟವರು ಇಂಗ್ಲೆಂಡಿನ ವೈದ್ಯರು. ಬಿತ್ತನೆ ಬೀಜಕ್ಕೆ ಲೇಪಿಸುವ ಮೀಥೈಲ್ ಪಾದರಸದ ಪುಡಿ ಮಾಡುತ್ತಿದ್ದ ಕಾರ್ಖಾನೆಯ ನಾಲ್ವರು ಕೆಲಸಗಾರರ ಕಾಯಿಲೆಯನ್ನು ಹಂಟರ್, ಬಾಮ್‌ಫೋರ್ಡ್, ರಸೆಲ್ ಮೂವರೂ 1940ರಲ್ಲಿ ವರದಿ ಮಾಡಿದರು. ಮೊದಲು ಬಾಯಿ ಸುತ್ತ, ಬೆರಳ ತುದಿಗಳಲ್ಲಿ ಜೋಮು. ಆಮೇಲೆ ನಡಿಗೆಯ ಹಿಡಿತ ತಪ್ಪುವುದು, ಮಾತು ತೊದಲುವುದು, ಅಂಗಿಯ ಗುಂಡಿ ಹಾಕಲೂ ಕೈ ಕೇಳದಿರುವುದು. ಕಣ್ಣಿನ ನೋಟ ಅಂಚುಗಳಿಂದ ಕಿರಿದಾಗುತ್ತಾ ನೇರ ಮುಂದಿನದಷ್ಟೇ ಕಾಣುವ ಸ್ಥಿತಿ ಬರುವುದು. ಕಿವಿ ಮಂದವಾಗುವುದೂ ಉಂಟು. ಆ ನಾಲ್ವರಲ್ಲಿ ಒಬ್ಬರು 1950ರ ದಶಕದಲ್ಲಿ ತೀರಿಕೊಂಡಾಗ ಮೆದುಳನ್ನು ಪರೀಕ್ಷಿಸಿದರು. ಮೈಯ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಕಿರುಮೆದುಳು ಮತ್ತು ನೋಟದ ಭಾಗ ಎರಡೂ ಸೊರಗಿದ್ದವು. ಅಷ್ಟು ವರ್ಷವೂ ಆ ಮನುಷ್ಯ ಅದರ ಜೊತೆಗೇ ಬದುಕಿದ್ದ. ಜಪಾನಿನ ಮಿನಮಾಟದಲ್ಲಿ 1956ರಿಂದ ಕಾಣಿಸಿಕೊಂಡ ವಿಚಿತ್ರ ಕಾಯಿಲೆಗೆ ಸಾವಯವ ಪಾದರಸವೇ ಕಾರಣ ಎಂದು ಕುಮಾಮೊಟೊ ವಿಶ್ವವಿದ್ಯಾಲಯದವರು 1959ರಲ್ಲಿ ತೀರ್ಮಾನಿಸಿದರು. ಅವರಿಗೆ ದಾರಿ ತೋರಿಸಿದ್ದರಲ್ಲಿ ಇದೇ ಕಾರ್ಖಾನೆಯ ವರದಿಯೂ ಒಂದು. ಮೀನು ತಿಂದ ಬೆಸ್ತರ ರೋಗವನ್ನು ಗುರುತಿಸಲು ನಾಲ್ಕು ಕೆಲಸಗಾರರ ಕಷ್ಟ ಬೇಕಾಯಿತು.

ನಿಮ್ಮ ಸಹೋದ್ಯೋಗಿಯ "ಯಾರಿಗೆ ಏನಾಯ್ತು" ಎಂಬ ಮಾತಿಗೆ ಬರೋಣ. ಬೆಸೆದ ಆಂಪೂಲ್ ಒಡೆಯುವವರೆಗೆ ಯಾರಿಗೂ ಏನೂ ಆಗುವುದಿಲ್ಲ, ಅಲ್ಲಿಗೆ ಅವರ ಮಾತು ಸರಿ. ಆದರೆ ಸುಮ್ನೆ ಇಟ್ಟಿದ್ದರೂ ಕೊಲ್ಲಬಲ್ಲದು ಎನ್ನುವುದಕ್ಕೆ ಕೆನಡಾದ ಪ್ರಕರಣವೊಂದಿದೆ, 1943ರಲ್ಲಿ ವರದಿಯಾದದ್ದು. ಡೈಈಥೈಲ್ ಮರ್ಕ್ಯುರಿ ದಾಸ್ತಾನಿದ್ದ ಗೋದಾಮಿನ ಕಚೇರಿಯಲ್ಲಿ ಬೆರಳಚ್ಚು ಕೆಲಸ ಮಾಡುತ್ತಿದ್ದ ಇಬ್ಬರು ಯುವತಿಯರು ಅದರ ಆವಿಯಿಂದ ಸತ್ತರು. ಡಬ್ಬ ಎತ್ತಿಡುವುದು ಅವರ ಕೆಲಸವೇ ಆಗಿರಲಿಲ್ಲ. ಡೈಮೀಥೈಲ್ ಮರ್ಕ್ಯುರಿಗೂ ಹಳೆಯ ಇತಿಹಾಸವಿದೆ. 1865ರ ಸುಮಾರಿಗೇ ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿ ಇದರ ಜೊತೆ ಕೆಲಸ ಮಾಡಿದ ಇಬ್ಬರು ಸಹಾಯಕರು ಸತ್ತಿದ್ದರು. ಅದಾದ 130 ವರ್ಷದ ಮೇಲೂ ಲೇಟೆಕ್ಸ್ ಗ್ಲೌಸ್ ಸಾಕು ಎಂದುಕೊಂಡಿದ್ದರಲ್ಲ, ನನಗೆ ಇವತ್ತಿಗೂ ಅರಗದ ಸಂಗತಿ ಅದು.

ಈಗ ಪರೀಕ್ಷೆಗಳ ವಿಷಯ. ಇಲ್ಲಿ ಒಳ್ಳೆಯ ವೈದ್ಯರೂ ಎಡವುತ್ತಾರೆ. ಮೀಥೈಲ್ ಪಾದರಸ ಹೊರಗೆ ಹೋಗುವುದು ಬಹುಪಾಲು ಪಿತ್ತರಸದ ಮೂಲಕ ಮಲದಲ್ಲಿ. ಪಿತ್ತದಲ್ಲಿ ಕರುಳಿಗೆ ಬಂದದ್ದರಲ್ಲೂ ಒಂದು ಭಾಗ ಮತ್ತೆ ರಕ್ತಕ್ಕೇ ಹೀರಿಕೊಳ್ಳುತ್ತದೆ. ಅದಕ್ಕೇ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ಮೂತ್ರದಲ್ಲಿ ಬರುವುದು ಚೂರುಪಾರು. ವೆಟ್ಟರ್‌ಹಾನ್ ಅವರ ರಕ್ತದಲ್ಲಿ 4000 ಇದ್ದಾಗ ಮೂತ್ರದಲ್ಲಿ ಲೀಟರಿಗೆ 234 ಮೈಕ್ರೋಗ್ರಾಂ ಇತ್ತು. ಅಷ್ಟು ಭಾರಿ ವಿಷದಲ್ಲೇ ಹೀಗಾದರೆ, ಸಣ್ಣ ಪ್ರಮಾಣ ಒಳಗೆ ಹೋದವರ ಮೂತ್ರ ಪರೀಕ್ಷೆ "ಮಾಮೂಲಿ" ಎಂದು ಬರುವುದರಲ್ಲಿ ಆಶ್ಚರ್ಯವಿಲ್ಲ. ಆಲ್ಕೈಲ್ ಪಾದರಸದ ಅನುಮಾನ ಇದ್ದರೆ ನೋಡಬೇಕಾದದ್ದು ರಕ್ತ, ಅದೂ ಇಡೀ ರಕ್ತ, ರಕ್ತಕಣ ತೆಗೆದು ಉಳಿದ ಬರೀ ಸೀರಮ್ ಅಲ್ಲ. ಏಕೆಂದರೆ ಅದು ಕೆಂಪು ರಕ್ತಕಣಗಳೊಳಗೆ ಕೂತಿರುತ್ತದೆ. ಜೊತೆಗೆ ಕೂದಲು.

ಇದರಲ್ಲೊಂದು ತೊಡಕಿದೆ. ಸಮುದ್ರದ ದೊಡ್ಡ ಮೀನು ತಿನ್ನುವವರ ರಕ್ತದಲ್ಲಿ ಮೀಥೈಲ್ ಪಾದರಸ ಹೇಗೂ ಸ್ವಲ್ಪ ಹೆಚ್ಚೇ ಇರುತ್ತದೆ. ನೀವು ಮೀನು ತಿನ್ನುವವರಾದರೆ ಅದನ್ನು ವೈದ್ಯರಿಗೆ ಹೇಳಿ. ಇನ್ನೊಂದು, ಕೆಲವರು "ಪಾದರಸ ಇಳಿಸುವ ಮಾತ್ರೆ" ಕೊಟ್ಟು ಆಮೇಲೆ ಮೂತ್ರ ಹಿಡಿದು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಒಪ್ಪಬೇಡಿ. ಆ ಮಾತ್ರೆ ತಿಂದರೆ ಯಾರ ಮೂತ್ರದಲ್ಲಾದರೂ ಅಂಕಿ ಏರುತ್ತದೆ, ಅದನ್ನು ಹೋಲಿಸಿ ನೋಡಲು ಸರಿಯಾದ ಮಟ್ಟವೇ ಇಲ್ಲ.

ಚಿಕಿತ್ಸೆ ಬಗ್ಗೆ ಹೆಚ್ಚು ಭರವಸೆ ಕೊಡಲಾರೆ. ಡಿಎಂಎಸ್‌ಎ, ಡಿಎಂಪಿಎಸ್ ಎಂಬ ಔಷಧಗಳು ಪಾದರಸವನ್ನು ಹಿಡಿದು ಹೊರಗೆ ಹಾಕುತ್ತವೆ, ರಕ್ತದ ಅಂಕಿ ಇಳಿಯುತ್ತದೆ. ಹೋದ ನರಕೋಶ ವಾಪಸ್ ಬರುವುದಿಲ್ಲ. ಪಾದರಸಕ್ಕೆ ಹಿಂದಿನಿಂದ ಕೊಡುತ್ತಿದ್ದ ಬಿಎಎಲ್ ಎಂಬ ಚುಚ್ಚುಮದ್ದಂತೂ ಮೀಥೈಲ್ ಪಾದರಸಕ್ಕೆ ಕೂಡದು. ಪ್ರಾಣಿಗಳಲ್ಲಿ ಅದು ಪಾದರಸವನ್ನು ಮೆದುಳಿಗೆ ಇನ್ನಷ್ಟು ಒಯ್ದದ್ದು ಕಂಡಿದೆ. ಆದ್ದರಿಂದ ಯಾವತ್ತಾದರೂ ಆಸ್ಪತ್ರೆಗೆ ಓಡುವ ಪ್ರಸಂಗ ಬಂದರೆ "ಪಾದರಸ ತಾಗಿದೆ" ಎಂದಷ್ಟೇ ಹೇಳಿದರೆ ಸಾಲದು. ಲೇಬಲ್ ಮೇಲಿನ ಪೂರ್ತಿ ಹೆಸರು ಬರೆದುಕೊಂಡು ಹೋಗಬೇಕು.

ಕಪಾಟಿನ ವಿಲೇವಾರಿಯನ್ನು ಅಪಾಯಕಾರಿ ತ್ಯಾಜ್ಯ ತೆಗೆಯಲು ಪರವಾನಗಿ ಇರುವವರಿಗೆ ಕೊಡಿಸಿ. ಕರೆಯುವಾಗಲೇ ಡೈಮೀಥೈಲ್ ಮರ್ಕ್ಯುರಿ ಇದೆ ಎಂದು ಹೆಸರು ಹಿಡಿದು ಹೇಳಿ. "ಹಳೆ ಪಾದರಸದ ಬಾಟಲಿ" ಎಂದರೆ ಅವರು ಮಾಮೂಲಿ ಗ್ಲೌಸಿನಲ್ಲೇ ಬಂದುಬಿಡಬಹುದು. ಆಂಪೂಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವುದೂ ಬೇಡ, ಬೇರೆ ಡಬ್ಬಕ್ಕೆ ಹಾಕಲು ಹೋಗುವುದೂ ಬೇಡ. ಅಕಸ್ಮಾತ್ ಅದು ಒಡೆದರೆ ಒರೆಸಲು ನಿಲ್ಲಬೇಡಿ. ಎಲ್ಲರೂ ಹೊರಗೆ, ಬಾಗಿಲು ಬಂದ್. ಕಾರ್ಟ್ರಿಜ್ ಹಾಕಿದ ಮಾಸ್ಕ್ ನಂಬಿಕೊಂಡು ಒಳಗೆ ಹೋಗುವುದೂ ತಪ್ಪು. ಆಲ್ಕೈಲ್ ಪಾದರಸಕ್ಕೆ ಅಮೆರಿಕದ ನಯೋಶ್ ಸಂಸ್ಥೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಉಸಿರಾಟದ ಸಾಧನವನ್ನೇ ಹೇಳುತ್ತದೆ. ಥರ್ಮಾಮೀಟರ್ ಒಡೆದಾಗ ಗಂಧಕದ ಪುಡಿ ಉದುರಿಸುವ ಹಳೆ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ.

ಪುಡಿ ಚೆಲ್ಲಿದ ಜಾಗವನ್ನು ಒಣ ಬಟ್ಟೆಯಲ್ಲಿ ಗುಡಿಸಬಾರದು, ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು. ಎರಡೂ ಪುಡಿಯನ್ನು ಗಾಳಿಗೆ ಎಬ್ಬಿಸುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಮುಚ್ಚಿದ ಚೀಲದಲ್ಲಿ ತ್ಯಾಜ್ಯಕ್ಕೇ ಸೇರಿಸಬೇಕು. ಇದನ್ನೂ ಅವರೇ ಮಾಡಲಿ. ಹೋದ ವಾರ ಹಾಕಿದ್ದ ಲ್ಯಾಬ್ ಕೋಟು ಎಲ್ಲಿದೆ? ಮನೆಗೆ ತಂದಿದ್ದರೆ ಮಿಕ್ಕ ಬಟ್ಟೆಗಳ ಜೊತೆ ಒಗೆಯಬೇಡಿ, ಚೀಲಕ್ಕೆ ಹಾಕಿ ಕಟ್ಟಿ ಲ್ಯಾಬಿಗೆ ಒಯ್ಯಿರಿ.

ಮಗುವಿನ ವಿಷಯ ಕೊನೆಗೆ ಉಳಿಸಿದ್ದು ಅದು ಚಿಕ್ಕದೆಂದಲ್ಲ. ಮೀಥೈಲ್ ಪಾದರಸದಲ್ಲಿ ಮಗುವಿನ ಹೊಕ್ಕುಳಬಳ್ಳಿಯ ರಕ್ತದ ಮಟ್ಟ ತಾಯಿಯದಕ್ಕಿಂತ ಹೆಚ್ಚಿರುತ್ತದೆ. ಮಿನಮಾಟದಲ್ಲೂ ಇರಾಕಿನಲ್ಲೂ ತಾಯಿಗೆ ಅಷ್ಟೇನೂ ತೊಂದರೆ ಇಲ್ಲದೆ ಮಗುವಿನ ಮೆದುಳಿಗೆ ಗಂಭೀರ ಪೆಟ್ಟು ಬಿದ್ದ ಉದಾಹರಣೆಗಳಿವೆ. ಹಾಗಾಗಿ ಈ ಕಪಾಟಿನ ಕೆಲಸದಿಂದ ನಿಮ್ಮನ್ನು ಬಿಡಿಸಿ ಎಂದು ಮೇಲಧಿಕಾರಿಗೆ ಬರವಣಿಗೆಯಲ್ಲೇ ಕೊಡಿ. ಮಗುವಿನ ಯೋಚನೆ ಇದೆ ಎಂದು ಬರೆಯಲೇಬೇಕೆಂದಿಲ್ಲ. ಆಂಪೂಲಿನ ಹೆಸರೊಂದೇ ಸಾಕಷ್ಟು ಕಾರಣ.

ನಿಮ್ಮ ಮಟ್ಟಿಗೆ, ನಿಮಗೆ ತಾಗಿರಬಹುದಾದದ್ದು ಫೀನೈಲ್ ಪಾದರಸ ಮಾತ್ರ. ಇನ್ನು ಎರಡು ಮೂರು ವಾರ ಬಿಟ್ಟು ಮೂತ್ರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಕ್ರಿಯಾಟಿನಿನ್ ಜೊತೆ ಹೋಲಿಸಿ ಅಂಕಿ ಕೊಡಲು ಹೇಳಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ, ಮೂತ್ರಪಿಂಡದ ತೊಂದರೆ ಮೊದಲು ಕಾಣುವುದು ಅಲ್ಲಿ. ಒಮ್ಮೆ ಇಡೀ ರಕ್ತದ ಪಾದರಸವನ್ನೂ ಅಳೆಯಿಸಿ. ಆಂಪೂಲ್ ಸೋರಿಲ್ಲ ಎಂಬ ಸಮಾಧಾನಕ್ಕೂ ಆಯಿತು, ಮುಂದೆ ಹೋಲಿಸಿ ನೋಡಲು ಒಂದು ಅಂಕಿ ಸಿಕ್ಕಹಾಗೂ ಆಯಿತು. ಎಲ್ಲ ಮಾಮೂಲಿ ಬಂದರೆ, ಈ ಪುಡಿಯ ಕಾರಣಕ್ಕೆ ನೀವು ಮಗುವಿನ ಯೋಚನೆಯನ್ನು ಮುಂದೂಡಬೇಕಾಗಿಲ್ಲ. ಮುಂದೆ ಬಾಯಿ ಸುತ್ತ ಅಥವಾ ಬೆರಳ ತುದಿಯಲ್ಲಿ ಜೋಮು ಬಂದು ನಾಲ್ಕು ದಿನವಾದರೂ ಹೋಗದಿದ್ದರೆ ಕಾಯಬೇಡಿ. ಮೂರೂ ಲೇಬಲ್‌ಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ.